ಯಾರ ಮೈಯಳತೆಗೆ ಈ ಕಿಟಕಿ?

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರ ಮಾತಿನಲ್ಲಿ ಒಂದು ಕಿಟಕಿಯ ಹೆಸರು ಮತ್ತೆ ಮತ್ತೆ ಬರುತ್ತದೆ: ಎಗ್ರೆಸ್ ಕಿಟಕಿ, ಅಂದರೆ ಬೆಂಕಿಯಂಥ ತುರ್ತಿನಲ್ಲಿ ಹೊರಬೀಳಲು ಇಡುವ ಕಿಟಕಿ. ನ್ಯೂಜೆರ್ಸಿ, ಇಲಿನಾಯ್, ಮಿಷಿಗನ್, ಮಿನೆಸೋಟದಂಥ ಚಳಿಯ ರಾಜ್ಯಗಳಲ್ಲಿ ಮನೆಗೆ ಬೇಸ್‌ಮೆಂಟ್ ಇರುವುದು ವಾಡಿಕೆ. ಅದಕ್ಕೆ ಒಳಗೋಡೆ, ಕಾರ್ಪೆಟ್ಟು, ದೀಪ ಹಾಕಿಸಿ ಒಂದು ಮೂಲೆಯಲ್ಲಿ ಮಲಗುವ ಕೋಣೆ ಮಾಡಿಸುತ್ತಾರೆ. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮ, ಅತ್ತೆ ಮಾವ ಅಲ್ಲಿ ಇಳಿದುಕೊಳ್ಳುತ್ತಾರೆ. ಕೋಣೆಗೆ ಎಗ್ರೆಸ್ ಕಿಟಕಿ ಇದೆಯೇ ಎಂದು ಕೇಳಿ, ಇದೆ ಎಂಬ ಉತ್ತರ ಬಂದರೆ ಅಲ್ಲಿಗೆ ಬೆಂಕಿಯ ವಿಚಾರ ಮುಗಿಯಿತು. ಮನೆ ಮಾರುವ ಏಜೆಂಟು ಅದನ್ನು ಬೆಲೆ ಏರಿಸುವ ಗುಣವೆಂದು ತೋರಿಸುತ್ತಾನೆ, ಕೊಳ್ಳುವವರು ಅದನ್ನು ಅಭಯವೆಂದು ತಿಳಿಯುತ್ತಾರೆ. ನಮ್ಮ ಎಂಜಿನಿಯರುಗಳೂ ಅಮೆರಿಕದ ಕಟ್ಟಡ ನಿಯಮಗಳನ್ನು ಹೊಗಳುವಾಗ ಮೊದಲು ಉದಾಹರಿಸುವುದು ಈ ಕಿಟಕಿಯನ್ನೇ.

ಈ ಕೀರ್ತಿ ಅತಿಯಾಯಿತು ಎಂಬುದು ನನ್ನ ವಾದ. ಕಿಟಕಿಯ ನಿಯಮ ಕೆಟ್ಟದ್ದಲ್ಲ. ಅದರ ಹಿಂದೆ ಪ್ರಾಮಾಣಿಕ ಯೋಚನೆಯಿದೆ. ಆದರೆ ಬೆಂಕಿ ಬಿದ್ದಾಗ ಉಳಿದೆಲ್ಲ ಏರ್ಪಾಡು ಸೋತ ಮೇಲೆ ಬಳಸಬೇಕಾದ ಕೊನೆಯ ದಾರಿಯನ್ನು ನಾವು ಮೊದಲ ಮತ್ತು ಏಕೈಕ ರಕ್ಷೆಯಾಗಿ ಓದಿದ್ದೇವೆ. ಸಾಲು ಸಾಲಾಗಿ ಓದಿದರೆ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಆ ಕಿಟಕಿಯ ಅಳತೆಗಳನ್ನು ಹಾಸಿಗೆಯಲ್ಲಿ ಮಲಗಿರುವವರ ಮೈ ನೋಡಿ ಗೊತ್ತುಮಾಡಿಲ್ಲ.

ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬುದು ಅಮೆರಿಕದ ಒಂಟಿ ಮನೆ, ಜೋಡಿ ಮನೆಗಳ ಕಟ್ಟಡ ಸಂಹಿತೆ. 2000ದಲ್ಲಿ ಮೊದಲ ಆವೃತ್ತಿ ಬಂತು, ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ, ಒಂದೊಂದು ರಾಜ್ಯವೂ ತನಗೆ ಬೇಕಾದ ಹಾಗೆ ತಿದ್ದಿ ಅಳವಡಿಸಿಕೊಳ್ಳುತ್ತದೆ. ನಮ್ಮ ಕಿಟಕಿ ಇರುವುದು ಬಹುಕಾಲ ಆರ್ 310 ಎಂದು ಹೆಸರಾದ ವಿಭಾಗದಲ್ಲಿ. ಅಲ್ಲಿನ ಬೇಡಿಕೆಯ ಸಾರ ಇಷ್ಟು. ಬೇಸ್‌ಮೆಂಟಿಗೆ, ಮತ್ತು ಬೇಸ್‌ಮೆಂಟಿನಲ್ಲಿ ಮಲಗುವ ಕೋಣೆಗಳಿದ್ದರೆ ಅಂಥ ಪ್ರತಿ ಕೋಣೆಗೂ, ತುರ್ತಿನಲ್ಲಿ ಹೊರಬೀಳಲು ಮತ್ತು ರಕ್ಷಣೆಯವರು ಒಳಬರಲು ತಕ್ಕ ಒಂದು ತೆರಪು ಬೇಕು. ಪೂರ್ತಿ ತೆರೆದಾಗ ಅದರ ನಿವ್ವಳ ವಿಸ್ತಾರ ಸಾಮಾನ್ಯವಾಗಿ 5.7 ಚದರ ಅಡಿಗಿಂತ ಕಡಿಮೆ ಇರಕೂಡದು; ನೆಲಮಟ್ಟದ ತೆರಪಿಗೆ 5 ಚದರ ಅಡಿಯ ರಿಯಾಯಿತಿ ಇದೆ, ಇಲ್ಲಿ ಸಾಮಾನ್ಯ ಅಂಕಿಯನ್ನೇ ಹಿಡಿಯುತ್ತೇನೆ. ಅಗಲ ಕನಿಷ್ಠ 20 ಇಂಚು, ಎತ್ತರ ಕನಿಷ್ಠ 24 ಇಂಚು. ತೆರಪಿನ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಕೀಲಿಕೈ, ಉಪಕರಣ, ವಿಶೇಷ ತಿಳಿವಳಿಕೆ ಯಾವುದೂ ಬೇಡದೆ ಒಳಗಿನಿಂದ ತೆರೆಯುವಂತಿರಬೇಕು.

ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಲೆಕ್ಕ ಹಾಕಿ. 20 ಇಂಚು ಅಗಲ, 24 ಇಂಚು ಎತ್ತರದ ಕಿಟಕಿಯ ವಿಸ್ತಾರ 480 ಚದರ ಇಂಚು, ಅಂದರೆ ಮೂರೂಕಾಲು ಚದರ ಅಡಿಯ ಮೇಲೆ ಚೂರು. ಬೇಕಾದದ್ದು 5.7. ಎರಡೂ ಕನಿಷ್ಠಗಳನ್ನು ಒಟ್ಟಿಗೆ ಹಿಡಿದವರ ಕಿಟಕಿ ತಪಾಸಣೆಯಲ್ಲಿ ಬೀಳುತ್ತದೆ. ಅಗಲ 20 ಇಂಚೇ ಇರಲಿ ಎಂದರೆ ಎತ್ತರ 41 ಇಂಚು ದಾಟಬೇಕು. ಎತ್ತರ 24 ಇಂಚಿಗೆ ನಿಂತರೆ ಅಗಲ 34 ಇಂಚಿನ ಮೇಲೆ ಹೋಗಬೇಕು. ಬೇಸ್‌ಮೆಂಟನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಮನೆಯವರು ಮುಗ್ಗರಿಸುವುದು ಇಲ್ಲಿ. ಅಂಗಡಿಯಲ್ಲಿ ಚೌಕಟ್ಟಿನ ಅಳತೆ ನೋಡಿ ಕಿಟಕಿ ತರುತ್ತಾರೆ. ಸಂಹಿತೆ ಕೇಳುವುದು ಗಾಜು ಸರಿದ ಮೇಲೆ ಉಳಿಯುವ ಬರಿದಾದ ಜಾಗವನ್ನು. ಅರ್ಧವಷ್ಟೇ ಸರಿಯುವ ಕಿಟಕಿಯಾದರೆ ಚೌಕಟ್ಟಿನ ಅರ್ಧ ಲೆಕ್ಕಕ್ಕೇ ಇಲ್ಲ. ಮೂರು ಅಂಕಿಗಳು ಒಂದಕ್ಕೊಂದು ಹೀಗೆ ತಡೆಯಾಗಿ ನಿಂತಿರುವುದನ್ನು ಕೆಲವರು ಬರವಣಿಗೆಯ ದೋಷ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ತೀರ ಕಿರಿದಾದ ಕಿಟಕಿಯೂ ಬೇಡ, ತೀರ ಗಿಡ್ಡನೆಯದೂ ಬೇಡ, ಎರಡೂ ಸಣ್ಣದಾದದ್ದಂತೂ ಬೇಡವೇ ಬೇಡ ಎಂಬ ಮೂರು ಎಚ್ಚರಗಳನ್ನು ಮೂರೇ ಅಂಕಿಗಳಲ್ಲಿ ಹೇಳಿರುವ ಬಿಗಿಯಾದ ಬರವಣಿಗೆ ಅದು.

ನನ್ನ ತಕರಾರು ಇರುವುದು ಅಂಕಿಗಳ ಮೂಲದ ಬಗ್ಗೆ. ಸ್ಯಾನ್ ಡಿಯಾಗೊ ನಗರದ ಕಟ್ಟಡ ಮತ್ತು ಅಗ್ನಿಶಾಮಕ ಇಲಾಖೆಗಳು ಒಟ್ಟಾಗಿ ನಡೆಸಿದ ಪರೀಕ್ಷೆಗಳು ಈ ಅಳತೆಗಳಿಗೆ ಬಹುಮಟ್ಟಿಗೆ ಆಧಾರ. 20 ಇಂಚು ಅಗಲ ಯಾಕೆ? ಕಿಟಕಿಗೆ ಏಣಿ ಆನಿಸಲು ಮತ್ತು ಪೂರ್ಣ ಸಜ್ಜಿನ ಅಗ್ನಿಶಾಮಕ ಸಿಬ್ಬಂದಿ ಒಳನುಗ್ಗಲು. 24 ಇಂಚು ಎತ್ತರ ಯಾಕೆ? ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅದೇ ಸಿಬ್ಬಂದಿ ತೂರಲು. ಹೊರಗಿನಿಂದ ಬರುವವನ ಭುಜ, ಬೆನ್ನು, ಸಲಕರಣೆಗಳ ಸುತ್ತ ಈ ಚೌಕಟ್ಟು ನಿಂತಿದೆ. ಒಳ್ಳೆಯದೇ, ಅಷ್ಟು ದೊಡ್ಡ ಮೈ ಹಿಡಿಯುವ ತೆರಪಿನಲ್ಲಿ ಮಲಗಿದವರೂ ಹೊರಬರಬಹುದು ಎಂದು ವಾದಿಸಬಹುದು. ತೆರಪಿನ ಮಟ್ಟಿಗೆ ಆ ವಾದ ಸರಿ. ತೆರಪಿನವರೆಗೆ ಮುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಬ್ರಿಟನ್ನಿನ ನಿಯಮದೊಂದಿಗೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಅನುಮೋದಿತ ದಸ್ತಾವೇಜು ‘ಬಿ’, ಪಾರಾಗುವ ಕಿಟಕಿಗೆ ಕೇಳುವುದು 0.33 ಚದರ ಮೀಟರ್ ತೆರಪು, ಎತ್ತರ ಅಗಲ ಎರಡೂ ಕನಿಷ್ಠ 450 ಮಿಲಿಮೀಟರ್. ಅಮೆರಿಕದ 5.7 ಚದರ ಅಡಿ ಎಂದರೆ 0.53 ಚದರ ಮೀಟರ್. ಬ್ರಿಟಿಷರ ಕಿಟಕಿ ಒಳಗಿದ್ದವನು ಜಾರಿ ಹೊರಬರಲು ಸಾಕಾಗುವಷ್ಟು, ಅಮೆರಿಕದ್ದು ಹೊರಗಿದ್ದವನು ಸಲಕರಣೆಸಮೇತ ಒಳಬರುವಷ್ಟು. ಕೆಳ ಅಂಚಿನ ಎತ್ತರಕ್ಕೆ ಬಂದರೆ ಮಾತ್ರ ಎರಡೂ ದೇಶಗಳು ಒಂದಾಗುತ್ತವೆ: ಅಲ್ಲಿ 1100 ಮಿಲಿಮೀಟರ್, ಇಲ್ಲಿ 44 ಇಂಚು, ಅಂದರೆ ಸುಮಾರು 1118 ಮಿಲಿಮೀಟರ್. ಆದರೆ ಬ್ರಿಟಿಷ್ ದಸ್ತಾವೇಜು ಬೇಸ್‌ಮೆಂಟಿನ ವಾಸದ ಕೋಣೆಗೆ ಇನ್ನೊಂದು ಆಯ್ಕೆಯನ್ನೂ ಸಮನಾಗಿ ಮುಂದಿಡುತ್ತದೆ: ಕಿಟಕಿ ಅಥವಾ ಹೊರಬಾಗಿಲು ಇಲ್ಲದಿದ್ದರೆ, ಬೆಂಕಿಯನ್ನು ತಡೆಯುವ ಗೋಡೆ ಬಾಗಿಲುಗಳಿಂದ ಸುತ್ತುವರಿದು ನೇರ ಹೊರಬಾಗಿಲಿಗೆ ಒಯ್ಯುವ ಮೆಟ್ಟಿಲು. ಮನುಷ್ಯ ದಿನವೂ ಹತ್ತಿಳಿಯುವ ಮೆಟ್ಟಿಲನ್ನೇ ಕಾಪಾಡುವ ಈ ಯೋಚನೆ ಅಮೆರಿಕದ ಒಂಟಿ ಮನೆಗಳ ಸಂಹಿತೆಯಲ್ಲಿ ಇಲ್ಲ. ಅಲ್ಲಿನ ಬೇಸ್‌ಮೆಂಟ್ ಮೆಟ್ಟಿಲು ಸಾಮಾನ್ಯವಾಗಿ ಅಡುಗೆಮನೆ, ಹಜಾರಕ್ಕೆ ತೆರೆದುಕೊಂಡಿರುತ್ತದೆ. ಕೆಳಗೆ ಬೆಂಕಿ ಹತ್ತಿದರೆ ಆ ಮೆಟ್ಟಿಲೇ ಹೊಗೆ ಮೇಲೇರುವ ಕೊಳವೆ.

ಈಗ 44 ಇಂಚಿಗೆ ಬರೋಣ. ಇಡೀ ವಿಭಾಗದಲ್ಲಿ ಮಲಗಿದವರ ಬದುಕು ನೇರವಾಗಿ ನಿಂತಿರುವುದು ಈ ಒಂದು ಅಂಕಿಯ ಮೇಲೆ. ವಯಸ್ಕನಿಗೆ ಅದು ಎದೆಯ ಕೆಳಗಿನ ಮಟ್ಟ. ಐದು ವರ್ಷದ ಮಗುವಿಗೆ ಹೆಚ್ಚುಕಡಿಮೆ ತಲೆಯ ಮಟ್ಟ. ಎಪ್ಪತ್ತು ದಾಟಿದ, ಮಂಡಿನೋವಿನ, ಸೀರೆಯುಟ್ಟ ತಾಯಿಗೆ ಕತ್ತಲಲ್ಲಿ, ಹೊಗೆಯಲ್ಲಿ ಎದುರಾಗುವ ಗೋಡೆ. ಕಿಟಕಿಯ ಕೆಳಗೆ ಮೆಟ್ಟಿಲೋ ಗಟ್ಟಿಯಾಗಿ ಕೂರಿಸಿದ ಕಟ್ಟೆಯೋ ಇರಲೇಬೇಕೆಂದು ನಿಯಮ ಹೇಳುವುದಿಲ್ಲ.

ಕಷ್ಟ ಕಿಟಕಿ ದಾಟಿದ ಮೇಲೂ ಇದೆ. ಬೇಸ್‌ಮೆಂಟಿನ ಕಿಟಕಿ ತೆರೆಯುವುದು ಅಂಗಳಕ್ಕಲ್ಲ, ನೆಲ ಅಗೆದು ಮಾಡಿದ ಗುಂಡಿಗೆ. ವಿಂಡೋ ವೆಲ್ ಎನ್ನುವ ಆ ಗುಂಡಿಗೆ ಕನಿಷ್ಠ 9 ಚದರ ಅಡಿ ಜಾಗ ಇರಬೇಕು. ಅಗಲವೂ ಗೋಡೆಯಿಂದ ಮುಂಚಾಚೂ ತಲಾ 36 ಇಂಚು. ಆಳ 44 ಇಂಚು ಮೀರಿದರೆ ಕಾಯಂ ಆಗಿ ಕೂರಿಸಿದ ಏಣಿ ಅಥವಾ ಮೆಟ್ಟಿಲು ಕಡ್ಡಾಯ. ಮೀರದಿದ್ದರೆ? ಕಡ್ಡಾಯವಿಲ್ಲ. ಎರಡು 44ಗಳನ್ನು ಕೂಡಿಸಿ ನೋಡಿ. ಕೋಣೆಯ ನೆಲದಿಂದ ಕಿಟಕಿಯ ಅಂಚಿಗೆ 44 ಇಂಚು ಏರಿ, ಗುಂಡಿಗೆ ಇಳಿದು, ಅಲ್ಲಿಂದ ಅಂಗಳಕ್ಕೆ ಇನ್ನೊಂದು 44 ಇಂಚು ಏರಬೇಕಾದ ಕೋಣೆ ಸಂಹಿತೆಯ ಪ್ರಕಾರ ಪೂರ್ತಿ ಕ್ರಮಬದ್ಧ, ಇಡೀ ದಾರಿಯಲ್ಲಿ ಒಂದು ಮೆಟ್ಟಿಲೂ ಇಲ್ಲದೆ. ಒಟ್ಟು 88 ಇಂಚು, ಏಳಡಿಯ ಮೇಲೆ. ಏಣಿ ಕಡ್ಡಾಯವಾದ ಕಡೆಯಲ್ಲೂ ಅದು ಸಾಮಾನ್ಯ ಮೆಟ್ಟಿಲಿನ ನಿಯಮಗಳಿಗೆ ಒಳಪಡುವುದಿಲ್ಲ: ಒಳ ಅಗಲ 12 ಇಂಚು ಇದ್ದರೆ ಸಾಕು, ಗೋಡೆಯಿಂದ 3 ಇಂಚು ಮುಂದೆ ಬಂದರೆ ಸಾಕು, ಅಡ್ಡಪಟ್ಟಿಗಳ ನಡುವೆ 18 ಇಂಚಿನ ತನಕ ಅಂತರವಿದ್ದರೂ ನಡೆಯುತ್ತದೆ. ಒಂದೂವರೆ ಅಡಿಗೊಂದು ಹೆಜ್ಜೆ ಎತ್ತಿಡಬಲ್ಲ ಮಂಡಿ ಯಾರದು?

ಇಷ್ಟೆಲ್ಲವೂ ತಪಾಸಕ ಬಂದು ನೋಡಿದ ದಿನದ ಚಿತ್ರ. ಬೇಸ್‌ಮೆಂಟುಗಳು ಹೆಚ್ಚಾಗಿರುವುದು ಹಿಮ ಸುರಿಯುವ ರಾಜ್ಯಗಳಲ್ಲಿ. ಜನವರಿಯಲ್ಲಿ ಆ ಗುಂಡಿಯಲ್ಲಿ ಏನು ತುಂಬಿರುತ್ತದೆ ಎಂದು ಅಲ್ಲಿ ಬಾಳಿದವರನ್ನು ಕೇಳಬೇಕು. ಎಲೆ, ಮಳೆನೀರು ಬೀಳದಿರಲಿ ಎಂದು ಮುಚ್ಚಳ ಹಾಕುತ್ತಾರೆ. ಕೀಲಿ, ಉಪಕರಣ ಇಲ್ಲದೆ ಒಳಗಿನಿಂದ ತೆಗೆಯಲು ಬರುವ ಮುಚ್ಚಳಕ್ಕೆ ನಿಯಮ ಒಪ್ಪುತ್ತದೆ. ಆದರೆ ಅದರ ಮೇಲೆ ಒಂದಡಿ ಹಿಮ ಗಟ್ಟಿಯಾಗಿ ಕುಳಿತರೆ ಕೆಳಗಿನಿಂದ ಕೈಯೆತ್ತಿ ನೂಕುವವರ ಬಲ ಎಷ್ಟು ಬೇಕಾದೀತು ಎಂಬ ಲೆಕ್ಕ ಅಲ್ಲಿಲ್ಲ.

ಇನ್ನೂ ದೊಡ್ಡ ಬಿರುಕು ಒಂದಿದೆ. ಪ್ರತಿ ಕೋಣೆಗೂ ಕಿಟಕಿ ಬೇಕೆನ್ನುವ ನಿಯಮ ಅಂಟಿಕೊಂಡಿರುವುದು ನಕ್ಷೆಯಲ್ಲಿ ಆ ಕೋಣೆಗೆ ಕೊಟ್ಟ ಹೆಸರಿಗೆ. ಈಗಾಗಲೇ ಇರುವ ಬೇಸ್‌ಮೆಂಟನ್ನು ನವೀಕರಿಸಿದರೆ ಹೊಸ ಕಿಟಕಿ ಬೇಕಿಲ್ಲ. ಹೊಸದಾಗಿ ಮಲಗುವ ಕೋಣೆ ಮಾಡಿದರೆ ಮಾತ್ರ ಬೇಕು ಎಂದು 2015ರ ಆವೃತ್ತಿ ಸ್ಪಷ್ಟಪಡಿಸಿತು. ಹಳೆಯ ಮನೆಗಳ ಮೇಲೆ ಹೊರೆ ಹೇರಬಾರದೆಂಬ ಕಾಳಜಿ ಅದರ ಹಿಂದೆ ಇದ್ದಿರಬಹುದು. ಪರಿಣಾಮ ಏನಾಗುತ್ತದೆ? ಕೋಣೆಗೆ ಆಫೀಸ್ ಎಂದೋ, ವ್ಯಾಯಾಮದ ಕೋಣೆ ಎಂದೋ, ಹೋಮ್ ಥಿಯೇಟರ್ ಎಂದೋ ಹೆಸರು ಬರೆಸಿದರೆ ಗೋಡೆ ಕೊರೆಯುವ ಖರ್ಚು ಉಳಿಯುತ್ತದೆ. ಅದೇ ಕೋಣೆಯಲ್ಲಿ ಒಂದು ಸೋಫಾ ಬೆಡ್ ಬರುತ್ತದೆ, ಬೇಸಿಗೆಯಲ್ಲಿ ಅಪ್ಪ ಅಮ್ಮ ಬರುತ್ತಾರೆ. ಬೆಂಕಿಗೆ ನಕ್ಷೆ ಓದಲು ಬರುವುದಿಲ್ಲ. ಅಲ್ಲಿ ಯಾರು ಮಲಗಿದ್ದಾರೆ ಎಂಬುದು ಮುಖ್ಯ. ನಕ್ಷೆಯಲ್ಲಿ ಏನು ಬರೆದಿದೆ ಎಂಬುದು ಅಲ್ಲ.

ಹಾಗಾದರೆ ಈ ನಿಯಮದಲ್ಲಿ ಮೆಚ್ಚುವಂಥದ್ದು ಏನೂ ಇಲ್ಲವೇ? ಇದೆ, ಬಹಳ ಮುಖ್ಯವಾದದ್ದೇ ಇದೆ. ನೆಲದ ಕೆಳಗೆ ಮನುಷ್ಯರು ಮಲಗುತ್ತಾರೆ ಎಂಬ ಸತ್ಯವನ್ನು ಅದು ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದರಿಂದಲೇ ಅಂಕಿ, ಏಣಿ, ಗುಂಡಿಗಳ ಮಾತು ಸಾಧ್ಯವಾಯಿತು, ನಾನು ಇಷ್ಟು ತಕರಾರು ಎತ್ತುವುದೂ ಸಾಧ್ಯವಾಯಿತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಕಿಟಕಿಯ ಕೀರ್ತಿಯ ನೆರಳಲ್ಲಿ ಮಂಕಾದ ನಿಯಮಗಳ ಬಗ್ಗೆ ಈಗ ಹೇಳಬೇಕು, ಜೀವ ಉಳಿಸುವ ಕೆಲಸದ ದೊಡ್ಡ ಪಾಲು ಅವುಗಳದ್ದು. ಮೊದಲನೆಯದು ಸಮಯ. ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆ ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣವಿದ್ದ ಕೋಣೆಗೂ ಇಂದಿನ ಫೋಮ್, ಪಾಲಿಯೆಸ್ಟರ್ ತುಂಬಿದ ಕೋಣೆಗೂ ಬೆಂಕಿ ಇಟ್ಟು ಹೋಲಿಸಿತು. ಹಳೆಯ ಕೋಣೆ ಪೂರ್ತಿ ಭುಗಿಲೇಳಲು ಅರ್ಧ ಗಂಟೆಯ ಹತ್ತಿರ ತೆಗೆದುಕೊಂಡರೆ ಹೊಸ ಕೋಣೆ ನಾಲ್ಕು ನಿಮಿಷದೊಳಗೆ ಭುಗಿಲೆದ್ದಿತು. ಅದೇ ಸಂಸ್ಥೆಯ ಇನ್ನೊಂದು ಪ್ರಯೋಗದಲ್ಲಿ ಬಾಗಿಲು ಮುಚ್ಚಿದ್ದ ಕೋಣೆಯ ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಉಳಿದಿತ್ತು, ಬಾಗಿಲು ತೆರೆದಿದ್ದ ಕೋಣೆ ಸಾವಿರದ ಸುಮಾರಿಗೆ ಏರಿತ್ತು. ನಾಲ್ಕು ನಿಮಿಷದಲ್ಲಿ ನಿದ್ದೆಯಿಂದೆದ್ದು, ಬೆಂಕಿಯೆಂದು ಅರಿತು, ಕಿಟಕಿ ತೆರೆದು, ಏಳಡಿ ಹತ್ತಬೇಕೆಂದು ಒಬ್ಬರಿಂದ ನಿರೀಕ್ಷಿಸುವ ಮುಂಚೆ, ಅವರನ್ನು ಮೊದಲ ನಿಮಿಷದಲ್ಲೇ ಎಬ್ಬಿಸುವ ಏರ್ಪಾಡು ಏನಿದೆ ಎಂದು ಕೇಳಬೇಡವೇ?

ಆ ಏರ್ಪಾಡು ಹೊಗೆ ಅಲಾರಂ. ಪ್ರತಿ ಮಲಗುವ ಕೋಣೆಯಲ್ಲಿ, ಕೋಣೆಗಳ ಹೊರಗೆ, ಬೇಸ್‌ಮೆಂಟೂ ಸೇರಿ ಪ್ರತಿ ಅಂತಸ್ತಿನಲ್ಲಿ ಒಂದೊಂದು. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಜೋಡಣೆ. ಇದೂ ಅದೇ ಸಂಹಿತೆಯಲ್ಲೇ ಇದೆ. ಅಮೆರಿಕದಲ್ಲಿ ಮನೆಗೆ ಬೆಂಕಿ ಬಿದ್ದು ಸತ್ತವರಲ್ಲಿ ಐದರಲ್ಲಿ ಸುಮಾರು ಮೂರು ಪಾಲು ಜನ ಅಲಾರಂ ಇಲ್ಲದ ಅಥವಾ ಕೆಲಸ ಮಾಡದ ಮನೆಗಳಲ್ಲಿ ಸತ್ತವರು ಎಂದು ಅಲ್ಲಿನ ಅಗ್ನಿ ಸುರಕ್ಷಾ ಸಂಘ ಎನ್‌ಎಫ್‌ಪಿಎ ವರ್ಷಗಳಿಂದ ಹೇಳುತ್ತಾ ಬಂದಿದೆ. ಫರ್ನೇಸು, ಬಿಸಿನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಯಂತ್ರ ಮೂರೂ ಹೆಚ್ಚಾಗಿ ಇರುವುದು ಬೇಸ್‌ಮೆಂಟಿನಲ್ಲೇ. ಆದ್ದರಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಲ್ಲಿ ಇನ್ನಷ್ಟು ಅಗತ್ಯ. ಹೊಗೆ ಅಲಾರಂನ ನಿಯಮದಲ್ಲೂ ಒಂದು ಕೊರತೆಯಿದೆ. ಸಾಮಾನ್ಯ ಅಲಾರಂ ಕೂಗುವುದು ಎತ್ತರದ, ಚೂಪು ಸ್ವರದಲ್ಲಿ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಅದೇ ಸ್ವರವನ್ನು. 520 ಹರ್ಟ್ಸ್‌ನ ತಗ್ಗಿನ ಸ್ವರ ಅವರನ್ನು ಹೆಚ್ಚು ಖಚಿತವಾಗಿ ಎಬ್ಬಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆದರೂ ಮನೆ ನೋಡಲು ಹೋದವರು ಕಿಟಕಿಯ ಅಳತೆ ಕೇಳುತ್ತಾರೆಯೇ ಹೊರತು ಅಲಾರಂ ಕೂಗು ಕೇಳಿಸಿಕೊಂಡು ಬರುವುದಿಲ್ಲ.

ಎರಡನೆಯದು ಸ್ಪ್ರಿಂಕ್ಲರ್. 2009ರ ಆವೃತ್ತಿ ಹೊಸ ಒಂಟಿ ಮನೆ, ಜೋಡಿ ಮನೆಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿ, 2011ರ ಜನವರಿ 1ರಿಂದ ಜಾರಿ ಎಂದು ಬರೆಯಿತು. ಮನೆ ಕಟ್ಟುವ ಉದ್ಯಮ ವೆಚ್ಚದ ಮಾತೆತ್ತಿ ಹೋರಾಡಿತು, ಹೆಚ್ಚಿನ ರಾಜ್ಯಗಳು ಆ ಭಾಗವನ್ನೇ ಕಿತ್ತುಹಾಕಿ ಉಳಿದದ್ದನ್ನು ಅಳವಡಿಸಿಕೊಂಡವು. ರಾಜ್ಯಮಟ್ಟದಲ್ಲಿ ಉಳಿಸಿಕೊಂಡವುಗಳಲ್ಲಿ ಕ್ಯಾಲಿಫೋರ್ನಿಯಾ, ಮೇರಿಲ್ಯಾಂಡ್ ಮುಖ್ಯವಾದವು. ಒಂದು ಸಂಗತಿ ಗಮನಿಸಿ: ಸ್ಪ್ರಿಂಕ್ಲರ್ ಇದ್ದು, ಬೇಸ್‌ಮೆಂಟಿನಿಂದ ಹೊರಬರಲು ಎರಡು ದಾರಿಗಳಿದ್ದರೆ ಪ್ರತಿ ಮಲಗುವ ಕೋಣೆಗೂ ಕಿಟಕಿ ಬೇಡ ಎಂದು 2018ರ ಆವೃತ್ತಿ ರಿಯಾಯಿತಿ ಕೊಟ್ಟಿತು. ಕಿಟಕಿಗಿಂತ ಸ್ಪ್ರಿಂಕ್ಲರ್ ಮೇಲು ಎಂದು ಸಂಹಿತೆ ಬರೆದವರೇ ಒಪ್ಪಿದ ಮಾತಿದು. ನಮ್ಮ ವಿಮರ್ಶಕರು ಇದನ್ನು ಓದದೆ ಮುಂದೆ ಹೋಗಿದ್ದಾರೆ.

ಮೂರನೆಯದು ತಲೆಯ ಮೇಲಿನ ನೆಲ. ಈಚಿನ ಮನೆಗಳಲ್ಲಿ ಬೇಸ್‌ಮೆಂಟಿನ ಮೇಲಿನ ನೆಲವನ್ನು ಹೊರುವುದು ತೆಳುಹಲಗೆ ಅಂಟಿಸಿ ಮಾಡಿದ ‘ಐ’ ಆಕಾರದ ತೊಲೆಗಳು. ಬೆಂಕಿಗೆ ಬರಿದಾಗಿ ಒಡ್ಡಿದ ಪರೀಕ್ಷೆಯಲ್ಲಿ ಅವು ಆರೇ ನಿಮಿಷದ ಸುಮಾರಿಗೆ ಕುಸಿದವು. ಹಳೆಯ ಗಟ್ಟಿಮರದ ತೊಲೆಗಳು ಹದಿನೆಂಟು ನಿಮಿಷ ನಿಂತವು. ಬೇಸ್‌ಮೆಂಟ್ ಬೆಂಕಿಯ ಮೇಲೆ ನಡೆದ ಅಗ್ನಿಶಾಮಕ ಸಿಬ್ಬಂದಿ ನೆಲ ಕುಸಿದು ಒಳಗೆ ಬಿದ್ದು ಸತ್ತ ಘಟನೆಗಳಾದ ಮೇಲೆ, 2012ರ ಆವೃತ್ತಿ ಅಂಥ ನೆಲದ ಅಡಿಗೆ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಅಥವಾ ಸಮಾನ ರಕ್ಷಣೆ ಬೇಕೆಂದಿತು. ಕಿಟಕಿಯಿಂದ ನುಗ್ಗಬೇಕಾದ ರಕ್ಷಕ ಬರುವಷ್ಟರಲ್ಲಿ ಮೇಲಿನ ನೆಲ ನಿಂತಿರಬೇಕಲ್ಲ. ಅರ್ಧ ಇಂಚಿನ ಆ ಹಾಳೆ ಇಲ್ಲದೆ 5.7 ಚದರ ಅಡಿಯ ಕಿಟಕಿಗೆ ಅರ್ಥವಿಲ್ಲ.

ಇಷ್ಟು ಹೇಳಿದರೆ ನಮ್ಮಲ್ಲಿ ಒಂದು ಗುಂಪು ತಕ್ಷಣ ಎದ್ದು ನಿಲ್ಲುತ್ತದೆ. ಅಮೆರಿಕದವರು ಬೇಸ್‌ಮೆಂಟಿನಲ್ಲಿ ಮಲಗಲು ಬಿಟ್ಟದ್ದೇ ತಪ್ಪು, ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಅದನ್ನು ಒಪ್ಪುವುದೇ ಇಲ್ಲ, ಆದ್ದರಿಂದ ನಮ್ಮದೇ ಹೆಚ್ಚು ಕಟ್ಟುನಿಟ್ಟು ಎಂಬುದು ಅವರ ನಿಲುವು. ವಿಚಾರಗೋಷ್ಠಿಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಈ ಹೆಮ್ಮೆಗೆ ಉತ್ತರ ಕೊಡಲೇಬೇಕು.

1970ರಲ್ಲಿ ಬಂದು 1983, 2005, 2016ರಲ್ಲಿ ಪರಿಷ್ಕೃತವಾದ ನಮ್ಮ ಸಂಹಿತೆ ಬೇಸ್‌ಮೆಂಟನ್ನು ಬಳಸಬಹುದಾದ ಕೆಲಸಗಳನ್ನು ಪಟ್ಟಿ ಮಾಡುತ್ತದೆ: ಸುಲಭವಾಗಿ ಉರಿಯದ ಸರಕು ಇಡಲು, ಬ್ಯಾಂಕಿನ ಭದ್ರಕೋಣೆಗೆ, ಹವಾನಿಯಂತ್ರಣ ಮುಂತಾದ ಯಂತ್ರಗಳಿಗೆ, ವಾಹನ ನಿಲುಗಡೆಗೆ. ವಾಸ ಆ ಪಟ್ಟಿಯಲ್ಲಿಲ್ಲ. ಬೆಂಕಿಯ ಮಟ್ಟಿಗೆ ಅದರ ಬರವಣಿಗೆ ಕೆಲವೆಡೆ ಅಮೆರಿಕದ್ದಕ್ಕಿಂತ ಉತ್ತಮ ಎಂದು ಒಪ್ಪುತ್ತೇನೆ. ಬೇಸ್‌ಮೆಂಟಿನ ಮೆಟ್ಟಿಲಿನ ಬಗ್ಗೆ 2005ರ ಆವೃತ್ತಿ ಹೇಳುವುದನ್ನು ನೋಡಿ: ಎರಡು ಗಂಟೆ ಬೆಂಕಿ ತಡೆಯುವ ಗೋಡೆಗಳಿಂದ ಅದು ಆವೃತವಾಗಿರಬೇಕು, ಬೇಸ್‌ಮೆಂಟಿನ ಅಂಚಿನಲ್ಲಿರಬೇಕು, ನೆಲಮಟ್ಟದಲ್ಲಿ ಬಯಲಿನಿಂದ ಮಾತ್ರ ಅದರೊಳಗೆ ಪ್ರವೇಶವಿರಬೇಕು, ಕೆಳಗಿನ ಹೊಗೆ ಮೇಲಿನ ಅಂತಸ್ತುಗಳ ದಾರಿಗೆ ಅಡ್ಡ ಬರಬಾರದು, ತಾನಾಗಿ ಮುಚ್ಚುವ ಬಾಗಿಲಿನ ಲಾಬಿಯ ಮೂಲಕವೇ ಬೇಸ್‌ಮೆಂಟಿಗೆ ಸೇರಬೇಕು. ಹೊಗೆಯ ನಡೆಯನ್ನು ಹೆಜ್ಜೆ ಹೆಜ್ಜೆಗೂ ಊಹಿಸಿ ಬರೆದ ವಾಕ್ಯ ಇದು. ನೆಲದ ವಿಸ್ತಾರದ ಶೇಕಡಾ 2.5ರಷ್ಟು ಗಾಳಿಕಿಂಡಿಗಳನ್ನು ಸುತ್ತಲೂ ಹಂಚಿಡಬೇಕೆಂಬ ನಿಯಮವೂ ಅಷ್ಟೇ ಯೋಗ್ಯ.

ಆದರೆ ಇವೆಲ್ಲ ಕಾರುಗಳನ್ನೂ ಮೇಲಿನ ಅಂತಸ್ತಿನವರನ್ನೂ ಕಾಪಾಡುವ ವಾಕ್ಯಗಳು. ಕೆಳಗೆ ಮಲಗಿದವನ ಬಗ್ಗೆ ಒಂದು ಅಕ್ಷರವೂ ಇಲ್ಲ, ಯಾಕೆಂದರೆ ಕಾಗದದ ಪ್ರಕಾರ ಅಲ್ಲಿ ಯಾರೂ ಮಲಗುವುದಿಲ್ಲ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ರಾತ್ರಿ ಹತ್ತರ ಮೇಲೆ ಇಳಿದು ನೋಡಿ. ಪಂಪಿನ ಕೋಣೆಯ ಪಕ್ಕ, ವಿದ್ಯುತ್ ಪ್ಯಾನೆಲಿನ ಹತ್ತಿರ, ಸಿಮೆಂಟು ಇಟ್ಟಿಗೆಯಲ್ಲಿ ಎಬ್ಬಿಸಿದ ಕಿಟಕಿಯಿಲ್ಲದ ಗೂಡಿನಲ್ಲಿ ಕಾವಲುಗಾರನ ಸಂಸಾರವಿರುತ್ತದೆ. ಒಳಗೇ ಗ್ಯಾಸ್ ಸ್ಟವ್, ಸಿಲಿಂಡರ್. ಹೊರಗೆ ಪೆಟ್ರೋಲ್ ತುಂಬಿದ ಬೈಕುಗಳ ಸಾಲು, ಈಗ ಚಾರ್ಜಿಗೆ ಹಾಕಿದ ವಿದ್ಯುತ್ ಸ್ಕೂಟರುಗಳು. ಮಕ್ಕಳು ಅಲ್ಲೇ ಓದುತ್ತಾರೆ, ಅಲ್ಲೇ ಮಲಗುತ್ತಾರೆ. ನಕ್ಷೆಯಲ್ಲಿ ಆ ಜಾಗದ ಹೆಸರು ಪಾರ್ಕಿಂಗ್ ಅಥವಾ ಸ್ಟೋರ್. ನಿಷೇಧವಿದೆ ಎಂಬ ಕಾರಣಕ್ಕೆ ಅವರಿಗೆ ಒಂದು ಹೊಗೆ ಅಲಾರಂ ಕೂಡ ಸಿಗುವುದಿಲ್ಲ. ಹಾಕಿಸಿದರೆ ಅಲ್ಲಿ ಜನ ಇದ್ದಾರೆಂದು ಒಪ್ಪಿಕೊಂಡಂತಾಗುತ್ತದೆ.

ಹೆಸರು ಒಂದು, ಬಳಕೆ ಇನ್ನೊಂದು ಆದಾಗ ಏನಾಗುತ್ತದೆ ಎಂಬುದಕ್ಕೆ ಈ ದೇಶ ಸಾಕಷ್ಟು ಬೆಲೆ ತೆತ್ತಿದೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ತೊಂಬತ್ತರ ಆಸುಪಾಸು ಜನ ಸತ್ತರು. ಪಾರ್ಕಿಂಗಿಗೆಂದು ಇದ್ದ ಬೇಸ್‌ಮೆಂಟಿನಲ್ಲಿ ಉರಿಯುವ ಸರಕು ತುಂಬಿತ್ತು, ಹೊಗೆ ಮೇಲಿನ ವಾರ್ಡುಗಳಿಗೆ ಏರಿತು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜೇಂದ್ರ ನಗರದಲ್ಲಿ ಸ್ಟೋರ್, ಪಾರ್ಕಿಂಗ್ ಎಂದು ಅನುಮತಿ ಪಡೆದ ಬೇಸ್‌ಮೆಂಟಿನ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ದೆಹಲಿಯಲ್ಲಿ ಕೊಂದದ್ದು ನೀರು, ಕೋಲ್ಕತ್ತದಲ್ಲಿ ಹೊಗೆ. ಎರಡೂ ಕಡೆ ಕಾಗದದಲ್ಲಿ ಬರೆದ ಬಳಕೆ ಬೇರೆ, ಕೆಳಗೆ ನಡೆಯುತ್ತಿದ್ದದ್ದು ಬೇರೆ. ನಮ್ಮದು ಕಟ್ಟುನಿಟ್ಟು ಎನ್ನುವವರು ಈ ಎರಡು ದಿನಾಂಕಗಳನ್ನು ಎದುರಿಗಿಟ್ಟುಕೊಂಡು ಮಾತಾಡಲಿ. ಇನ್ನೊಂದು ಮಾತು. ನಮ್ಮ ಅಗ್ನಿ ನಿರಾಕ್ಷೇಪಣೆಯ ಏರ್ಪಾಡು ಮುಖ್ಯವಾಗಿ ಕಟ್ಟಡದ ಎತ್ತರವನ್ನು ಅಳೆಯುತ್ತದೆ. ಎತ್ತರದ ಮಿತಿಯೊಳಗಿನ ನಾಲ್ಕು ಅಂತಸ್ತಿನ ಕಟ್ಟಡದ ಬೇಸ್‌ಮೆಂಟಿನಲ್ಲಿ ಎಷ್ಟು ಹಾಸಿಗೆಗಳಿವೆ ಎಂದು ಎಣಿಸುವ ಕಣ್ಣು ಅದಕ್ಕಿಲ್ಲ.

ನಿಷೇಧವೊಂದೇ ಉತ್ತರವಲ್ಲ ಎಂಬುದನ್ನು ನ್ಯೂಯಾರ್ಕ್ ಕೂಡ ಸಾವಿನಿಂದ ಕಲಿಯಬೇಕಾಯಿತು. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಮಳೆಗೆ ಆ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಬೇಸ್‌ಮೆಂಟ್ ವಾಸಿಗಳು, ಬಹುಪಾಲು ನಗರದ ಲೆಕ್ಕಕ್ಕೆ ಬಾರದ ಮನೆಗಳಲ್ಲಿದ್ದವರು. ಆಮೇಲೆ ಇಂಥ ಮನೆಗಳನ್ನು ಕಾನೂನಿನೊಳಗೆ ತಂದು ದಾರಿ, ಅಲಾರಂಗಳ ಷರತ್ತು ಹಾಕಬೇಕೆಂಬ ವಾದಕ್ಕೆ ಬಲ ಬಂತು, 2024ರ ಕೊನೆಗೆ ನಗರಸಭೆ ಆ ದಿಕ್ಕಿನಲ್ಲಿ ಕಾನೂನನ್ನೂ ಮಾಡಿತು. ಕಣ್ಣಿಗೆ ಬೀಳದವರಿಗೆ ರಕ್ಷಣೆಯಿಲ್ಲ. ಬಡವರು ಬೇಸ್‌ಮೆಂಟಿಗೆ ಇಳಿಯುವುದು ಇಷ್ಟಪಟ್ಟು ಅಲ್ಲ, ನಗರ ಅವರಿಗೆ ಬೇರೆ ಜಾಗ ಉಳಿಸಿಲ್ಲದ್ದರಿಂದ. ಅವರಿಗೆ ಮೇಲೆ ಮನೆ ಕೊಡಲು ಆಗದ ತನಕ ಕೆಳಗೆ ಉಸಿರಾಡಲಾದರೂ ದಾರಿ ಕೊಡುವುದು ಕಾನೂನಿನ ಹೊಣೆ.

ನನ್ನ ತೀರ್ಮಾನವನ್ನು ಈಗ ನೇರವಾಗಿ ಹೇಳುತ್ತೇನೆ. ಅಮೆರಿಕದ ಕಿಟಕಿಯ ನಿಯಮ, ಮಲಗಿದವರು ಅಲ್ಲಿದ್ದಾರೆಂದು ಒಪ್ಪಿಕೊಂಡು, ಆಮೇಲೆ ರಕ್ಷಕನ ಮೈ ಅಳೆದ ಅರ್ಧ ಕೆಲಸ. ನಮ್ಮ ಸಂಹಿತೆ ಹೊಗೆಯನ್ನು ಅರಿತು, ಮನುಷ್ಯನನ್ನು ಅಲ್ಲಗಳೆದ ಅರ್ಧ ಕೆಲಸ. ಎರಡರಲ್ಲಿ ತಿದ್ದಲು ಸುಲಭವಾದದ್ದು ಮೊದಲನೆಯದು: ಅಂಚಿನ ಎತ್ತರ ಇಳಿಸಬಹುದು, ಮೆಟ್ಟಿಲು ಕಡ್ಡಾಯ ಮಾಡಬಹುದು, ಹೆಸರಿನ ಬದಲು ಬಳಕೆಯನ್ನು ನೋಡಬಹುದು. ನಮ್ಮದನ್ನು ತಿದ್ದಬೇಕಾದರೆ ಮೊದಲು ಕೆಳಗೆ ಜನ ಇದ್ದಾರೆ ಎಂಬ ಒಂದು ವಾಕ್ಯ ಬರೆಯಬೇಕು. ಮುಂದಿನ ಪರಿಷ್ಕರಣೆಯಲ್ಲಿ ಆ ವಾಕ್ಯ ಬರಲಿ, ಅದರ ಬೆನ್ನಿಗೆ ಅಲಾರಂ, ಎರಡನೆಯ ದಾರಿ, ಉರಿಯುವ ಸರಕಿನಿಂದ ಗೋಡೆಯ ಅಂತರ ಮೂರೂ ಕಡ್ಡಾಯವಾಗಲಿ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ಕೇಳಿಕೆ ಇದು. ಬೇಸ್‌ಮೆಂಟಿನಲ್ಲಿ ಯಾರನ್ನಾದರೂ ಮಲಗಿಸಿದ್ದರೆ, ಅದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿರಲಿ, ಬೆಂಗಳೂರಿನ ಬನಶಂಕರಿಯಲ್ಲಿರಲಿ, ಅಲಾರಂ ಒತ್ತಿ ಅದು ಅವರ ಕಿವಿಗೆ ಬೀಳುತ್ತದೆಯೇ ನೋಡಿ, ರಾತ್ರಿ ಬಾಗಿಲು ಮುಚ್ಚಿ ಮಲಗಲು ಹೇಳಿ, ಕಿಟಕಿಯಿದ್ದರೆ ಅದರ ಕೆಳಗೆ ಗಟ್ಟಿಯಾದ ಮೆಟ್ಟಿಲು ಕೂರಿಸಿ, ಹಗಲಿನಲ್ಲಿ ಒಮ್ಮೆ ಅವರಿಂದಲೇ ಹತ್ತಿಸಿ ನೋಡಿ. ಹತ್ತಿ ಹೊರಬರಲು ಆಗದವರನ್ನು ಮೇಲಿನ ಕೋಣೆಗೆ ಕರೆತನ್ನಿ. ನಿಮ್ಮ ಅಪಾರ್ಟ್‌ಮೆಂಟಿನ ಸಂಘದ ಮುಂದಿನ ಸಭೆಯಲ್ಲಿ ಕಾವಲುಗಾರನ ಸಂಸಾರಕ್ಕೆ ನೆಲದ ಮೇಲೆ ಒಂದು ಕೋಣೆ ಕೊಡುವ ವಿಷಯವನ್ನು ಕಾರ್ಯಸೂಚಿಯ ಮೊದಲ ಸಾಲಿನಲ್ಲಿ ಬರೆಸಿ.